ಹೆಲಿಕಾಪ್ಟರ್ ವೈಮಾನಿಕ ಹ್ಯೂ ಥಾಂಪ್ಸನ್

ಶತ್ರುವಿನೆದುರು ಎದೆಗೊಟ್ಟು ಹೋರಾಡಿದ ವೀರರ ಕಥೆಗಳನ್ನು ನಾವು ಮನೆಯ ಮಕ್ಕಳಿಗೆ ಹೇಳುತ್ತಲೇ ಬಂದಿರುವೆವು. ತನ್ನ ಕಡೆಯವರೇ ಅಧರ್ಮಕ್ಕೆ ಕೈಹಾಕಿದಾಗ ಅವರಿಗೆ ಅಡ್ಡನಿಂತವರ ಕಥೆಗಳು ಬಲು ವಿರಳ. ಅಂತಹ ಒಬ್ಬ ಅಮೆರಿಕನ್ ಯೋಧನ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಹ್ಯೂ ಥಾಂಪ್ಸನ್ 1943ನೆಯ ಇಸವಿ ಏಪ್ರಿಲ್ 15ರಂದು ಜಾರ್ಜಿಯಾ ಪ್ರಾಂತದ ಅಟ್ಲಾಂಟಾ ನಗರದಲ್ಲಿ ಜನಿಸಿದನು. ಬಲಹೀನರನ್ನು ಪೀಡಿಸಕೂಡದೆಂದು ತನ್ನ ತಂದೆತಾಯಿಗಳು ಕಲಿಸಿದ್ದರೆಂದು ಆತನು ಮುಂದೆ ಹೇಳುತ್ತಿದ್ದನು. 1961ರಲ್ಲಿ ನೌಕಾಪಡೆಯನ್ನು ಸೇರಿ, ಮೂರು ವರ್ಷಗಳ ತರುವಾಯ ಊರಿಗೆ ಮರಳಿ, ಶವಸಂಸ್ಕಾರದ ಏರ್ಪಾಟುಗಳನ್ನು ನಡೆಸುವ ವೃತ್ತಿಯನ್ನು ಹಿಡಿದನು. 1966ರಲ್ಲಿ ಪುನಃ ಭೂಸೈನ್ಯಕ್ಕೆ ಸೇರಿ ಹೆಲಿಕಾಪ್ಟರ್ ನಡೆಸುವುದನ್ನು ಕಲಿತು ವಿಯೆಟ್ನಾಮಿನ ಯುದ್ಧಕ್ಕೆ ಹೋದನು.

ಆತನ ಪಾಲಿಗೆ ಬಂದದ್ದು ಮೂವರು ಮಾತ್ರ ಕುಳ್ಳಿರಬಹುದಾದ ಒಂದು ಸಣ್ಣ ವೀಕ್ಷಣಾ ಹೆಲಿಕಾಪ್ಟರು. ಮರಗಳ ತುದಿಯವರೆಗೆ ಇಳಿದು ಹಾರುತ್ತ ಶತ್ರುವಿನ ಸುಳಿವನ್ನು ಹುಡುಕುವುದೇ ಅದರ ಕೆಲಸ. ಎತ್ತರದಲ್ಲಿ ಹಾರುವವನಿಗೆ ಕಾಣದ ಮನುಷ್ಯರ ಮುಖಗಳು ಇಂತಹ ವೈಮಾನಿಕನಿಗೆ ಸ್ಪಷ್ಟವಾಗಿ ಕಾಣುವುವು.

1968ನೆಯ ಮಾರ್ಚ್ 16ರ ಬೆಳಿಗ್ಗೆ ಮಿ ಲೈ ಎಂಬ ಹಳ್ಳಿಯ ಮೇಲೆ ಹಾರುತ್ತಿದ್ದಾಗ ಆತನಿಗೆ ಶತ್ರುಸೈನ್ಯವು ಕಾಣಲಿಲ್ಲ; ಮುದುಕರ, ಹೆಂಗಸರ, ಹಸುಮಕ್ಕಳ ಹೆಣಗಳು ಕಂಡವು. ಗಾಯಗೊಂಡವರು ಬಿದ್ದಲ್ಲಿ ಶುಶ್ರೂಷೆ ದೊರೆಯಲೆಂದು ಹಸಿರು ಹೊಗೆಯ ಗುರುತನ್ನು ಹಾಕಿದನು. ಮರಳಿ ಬಂದು ನೋಡಿದರೆ ಅವರೂ ಸತ್ತುಹೋಗಿದ್ದರು. ಗಾಯಗೊಂಡು ಬಿದ್ದಿದ್ದ ಹೆಂಗಸೊಬ್ಬಳನ್ನು ತನ್ನ ಸೈನ್ಯದ ಅಧಿಕಾರಿಯೇ ಗುಂಡಿಟ್ಟು ಕೊಂದುದನ್ನು ಆತನು ಕಣ್ಣಾರೆ ಕಂಡನು.

ಅಷ್ಟರಲ್ಲಿ ಒಂದು ಆಶ್ರಯಗುಂಡಿಯಲ್ಲಿ ಅಡಗಿದ್ದ ಹಳ್ಳಿಗರತ್ತ ಅಮೆರಿಕನ್ ಸೈನಿಕರು ನಡೆದುಬರುತ್ತಿದ್ದರು. ಥಾಂಪ್ಸನನು ಇವರಿಬ್ಬರ ನಡುವೆ ಹೆಲಿಕಾಪ್ಟರನ್ನು ಇಳಿಸಿದನು. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆಯೇ ಹಾರಿಸಿರಿ ಎಂದು ಸಂಗಡಿಗರಿಗೆ ಅಪ್ಪಣೆಮಾಡಿ, ತಾನು ಇಳಿದು ಗುಂಡಿಯ ಬಳಿಗೆ ಹೋಗಿ ಅವರನ್ನು ಹೊರಗೆ ಕರೆದನು. ಆಗ ಆತನ ವಯಸ್ಸು 24. ಸಂಗಡಿಗರಾದ ಗ್ಲೆನ್ ಆಂಡ್ರಿಯೊಟ್ಟನಿಗೆ 20, ಲಾರೆನ್ಸ್ ಕೋಲ್ಬರ್ನನಿಗೆ 18. ತನ್ನ ಪುಟ್ಟ ಯಂತ್ರದಲ್ಲಿ ಸ್ಥಳವಿಲ್ಲದ್ದರಿಂದ ಜೊತೆಯ ದೊಡ್ಡ ಹೆಲಿಕಾಪ್ಟರುಗಳನ್ನು ಬರಮಾಡಿ ಅವರೆಲ್ಲರನ್ನೂ ಸಾಗಿಸಿದನು. ಬಳಿಕ ಹೆಣಗಳಿಂದ ತುಂಬಿದ್ದ ಕಾಲುವೆಯೊಂದರಲ್ಲಿ ಏನೋ ಅಲುಗಿದುದನ್ನು ಕಂಡು ಆಂಡ್ರಿಯೊಟ್ಟನು ಅದರೊಳಗಿಳಿದು ಜೀವಂತವಿದ್ದ ಒಂದು ಮಗುವನ್ನು ಎತ್ತಿತಂದನು. ಅದನ್ನು ಕ್ವಾಂಗ್ ಙಾಯ್ ಪಟ್ಟಣದ ಆಸ್ಪತ್ರೆಗೆ ಒಯ್ಯುವಾಗ ಥಾಂಪ್ಸನನಿಗೆ ಮನೆಯಲ್ಲಿದ್ದ ತನ್ನ ಮಗನು ನೆನಪಿಗೆ ಬಂದನು.

ಶಿಬಿರಕ್ಕೆ ಬಂದೊಡನೆ ಆತನು ಕಂಡುದನ್ನೆಲ್ಲ ಮೇಲಧಿಕಾರಿಗಳಿಗೆ ಅರುಹಿದನು. ಕೊಲೆಯನ್ನು ನಿಲ್ಲಿಸುವಂತೆ ಆಜ್ಞೆ ಹೊರಟಿತು. ಅಷ್ಟರೊಳಗೆ ಸತ್ತವರು, ವಿಯೆಟ್ನಾಮಿನವರ ಲೆಕ್ಕದಂತೆ, 504 ಮಂದಿ.

ಸೈನ್ಯವು ಸಂಗತಿಯನ್ನು ಮುಚ್ಚಿಟ್ಟಿತು. ಸುಳ್ಳು ವೃತ್ತಾಂತವನ್ನು ಬರೆದು ಆತನಿಗೊಂದು ಪದಕವನ್ನು ಕೊಟ್ಟಿತು. ಆತನು ಅದನ್ನು ಎಸೆದುಬಿಟ್ಟನು. ಆಂಡ್ರಿಯೊಟ್ಟನು ಮೂರೇ ವಾರಗಳಲ್ಲಿ ಯುದ್ಧದಲ್ಲಿ ಮಡಿದನು. ಹಲವು ಬಾರಿ ಗುಂಡಿಗೆ ಸಿಕ್ಕಿ ಉರುಳಿದ ಥಾಂಪ್ಸನನು ಕಡೆಯ ಸಲ ಬೆನ್ನೆಲುಬು ಮುರಿದುಕೊಂಡನು. 1969ರಲ್ಲಿ ವಿಷಯವು ಬಯಲಾದಾಗ ಆತನು ಸಾಕ್ಷಿ ನುಡಿದನು. ಅದಕ್ಕೆ ದೊರೆತ ಫಲವೇನು? ಸ್ವದೇಶೀಯರಿಂದಲೇ ಕೊಲೆಬೆದರಿಕೆಗಳು ಬಂದವು. ಮನೆಯ ಹೊಸ್ತಿಲಲ್ಲಿ ಸತ್ತ ಪ್ರಾಣಿಗಳನ್ನು ತಂದು ಹಾಕಿದರು.

ಮೂವತ್ತು ವರ್ಷಗಳು ಕಳೆದ ಮೇಲೆ, 1998ನೆಯ ಮಾರ್ಚ್ 6ರಂದು, ಮೂವರಿಗೂ ವಾಷಿಂಗ್‌ಟನ್ನಿನಲ್ಲಿ ಸೋಲ್ಜರ್ಸ್ ಮೆಡಲ್ ದೊರೆಯಿತು. ಶತ್ರುವಿನೊಡನೆ ಹೋರಾಟವಿಲ್ಲದಲ್ಲಿ ತೋರಿದ ಧೈರ್ಯಕ್ಕಾಗಿ ಕೊಡತಕ್ಕ ಪದಕವಿದು. ಅದೇ ತಿಂಗಳು ಆತನು ಕೋಲ್ಬರ್ನನೊಡನೆ ಮಿ ಲೈಗೆ ಹೋಗಿ, ಅಂದು ತಾವು ಉಳಿಸಿದ್ದ ಹೆಂಗಸರನ್ನು ಕಂಡನು. ಸೈನಿಕ ವಿದ್ಯಾಲಯಗಳಿಗೆ ಹೋಗಿ ತರುಣರಿಗೂ ಈ ಸಂಗತಿಯನ್ನು ಹೇಳಿದನು. 2006ನೆಯ ಜನವರಿ 6ರಂದು, 62ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು.

ತನ್ನವರ ತಪ್ಪನ್ನು ತಪ್ಪೆನ್ನುವವನು ಮೊದಲು ಕಳೆದುಕೊಳ್ಳುವುದು ತನ್ನವರ ಪ್ರೀತಿಯನ್ನೇ. ಅದನ್ನು ತಿಳಿದೂ ನುಡಿಯುವ ಧೈರ್ಯವು ರಣರಂಗದಲ್ಲಿ ಒಮ್ಮೆಲೇ ಹುಟ್ಟತಕ್ಕದ್ದಲ್ಲ. ನಮ್ಮ ಮಕ್ಕಳಲ್ಲಿ ಅದು ಮೂಡಬೇಕಾದರೆ ಮನೆಯಲ್ಲಿ ಅವರ ಸತ್ಯವಾದ ಮಾತಿಗೆ ಹಿರಿಯರಾದ ನಾವು ಕಿವಿಗೊಡಬೇಕು, ಆ ಮಾತು ನಮಗೆ ಕಹಿಯಾಗಿದ್ದರೂ ಸಹ.