ಕಂಪ್ಯೂಟರ್ ಕೊಳ್ಳುವ ಮುನ್ನ



ಕಾಲೇಜು ಸೇರಿದ್ದೀರಿ, ಮನೆಗೊಂದು ಡೆಸ್ಕ್‌ಟಾಪ್ ಬೇಕೆಂದು ಹಟ ಹಿಡಿದಿದ್ದೀರಿ. ಹೆಸರಾಂತ ಕಂಪನಿಯದೇ ಆಗಲಿ ಎನ್ನುತ್ತಾರೆ ತಂದೆಯವರು. ನಾಸಿಕದ ಅಂಗಡಿಯಲ್ಲಿ ಬಿಡಿಭಾಗ ಆರಿಸಿ ಅಸೆಂಬಲ್ ಮಾಡಿಸೋಣ ಎನ್ನುತ್ತೀರಿ ನೀವು. ಯಾರ ಮಾತು ಸರಿ?

ನಮ್ಮ ಓಝರಿನ ಎಚ್.ಎ.ಎಲ್. ಕಾರ್ಖಾನೆಯನ್ನೇ ನೋಡಿ. ಮಿಗ್-21 ತಯಾರಿಕೆಗೆಂದು 1964ರಲ್ಲಿ ಆರಂಭವಾದ ಇದರಲ್ಲಿ ಮುಂದೆ ಸುಖೋಯ್-30 ಎಂಕೆಐ ವಿಮಾನಗಳನ್ನೂ ಜೋಡಿಸಿದರು. ಅವುಗಳ ಎಂಜಿನ್ ಬಂದದ್ದು ಒಡಿಶಾದ ಕೊರಾಪುಟ್‌ನಿಂದ. ಹಲವು ಕಡೆಯ ಭಾಗ ಜೋಡಿಸಿದ್ದೆಂದು ಯಾವ ಯಂತ್ರವೂ ಕೀಳಾಗದು. ಆದರೆ ಹಾರುವ ಮುನ್ನ ಇಡೀ ವಿಮಾನವನ್ನು ಪರೀಕ್ಷಿಸಿ ಹೊಣೆ ಹೊರುವವರಿರಬೇಕು. ಕಂಪ್ಯೂಟರಿಗೆ ಆ ಹೊಣೆ ಯಾರದು?

ಕಂಪನಿಯ ಯಂತ್ರಕ್ಕೆ ಸಾಮಾನ್ಯವಾಗಿ ಒಂದೇ ವಾರಂಟಿ. ಆದರೆ ಕೆಲವದರ ಮದರ್‌ಬೋರ್ಡ್, ಪವರ್ ಸಪ್ಲೈ ಆ ಕಂಪನಿಯದೇ ಅಳತೆಯವು. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಹೊರಟರೆ ತೊಡಕು. ಅಸೆಂಬಲ್ ಮಾಡಿಸಿದ್ದರಲ್ಲಿ ಬೇಕಾದ್ದನ್ನು ಬದಲಿಸಬಹುದು; ಆದರೆ ಭಾಗಕ್ಕೊಂದು ವಾರಂಟಿ, ಕೆಟ್ಟದ್ದು ಯಾವುದೆಂದು ಪತ್ತೆ ಹಚ್ಚುವ ಕೆಲಸವೂ ನಿಮ್ಮದೇ. ದರ ಹೋಲಿಸುವಾಗ ವಿಂಡೋಸ್ ಪರವಾನಗಿಯ ಬೆಲೆಯನ್ನೂ ಸೇರಿಸಿ. ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಬೇಡ. ಅದು ಕೆಟ್ಟರೆ ಉಳಿದ ಭಾಗಗಳನ್ನೂ ಸುಟ್ಟೀತು. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಬಿಚ್ಚಿ ನೋಡಿ ಕಲಿಯುವ ಆಸಕ್ತಿಯಿದ್ದರೆ ಅಸೆಂಬಲ್ ಮಾಡಿಸಿ. ಪರೀಕ್ಷೆಯ ಹೊತ್ತಿಗೆ ಕೆಟ್ಟರೆ ರಿಪೇರಿಗೆ ಓಡಾಡಲಾಗದು ಎನ್ನುವವರು ಕಂಪನಿಯದನ್ನೇ ಕೊಳ್ಳಿ. ಓಝರಿಗೇ ಬಂದು ರಿಪೇರಿ ಮಾಡುವರೇ ಎಂದು ಮೊದಲೇ ಕೇಳಿ. ಹಣ ತಂದೆತಾಯಿಯರದು. ಆಯ್ಕೆ ನಿಮ್ಮದಾದರೆ ಹೊಣೆಯೂ ನಿಮ್ಮದೇ ಆಗಲಿ.