ಮೊದಲು ಬಿಚ್ಚಿ, ಮೇಲಿನ ಪ್ಲಗ್

ಮಾರುತಿ ಜಿಪ್ಸಿ ರಸ್ತೆಗಿಳಿದದ್ದು 1985ರಲ್ಲಿ. ಈಗ ತಯಾರಿಕೆ ನಿಂತಿದ್ದರೂ ಕಾಡುದಾರಿಗಳಲ್ಲಿ ಹಳೆಯ ಜಿಪ್ಸಿಗಳು ಓಡುತ್ತಲೇ ಇವೆ. ಅವುಗಳ ಗೇರ್‌ಬಾಕ್ಸಿನ ಎಣ್ಣೆ ಬದಲಿಸುವುದು ರಜೆಯಲ್ಲಿ ತಂದೆಯೊಡನೆ ಮಕ್ಕಳೂ ಕೈಜೋಡಿಸಬಹುದಾದ ಕೆಲಸ.

ಸ್ವಲ್ಪ ದೂರ ಓಡಿಸಿದರೆ ಎಣ್ಣೆ ಬೆಚ್ಚಗಾಗಿ ಸರಾಗವಾಗಿ ಇಳಿಯುತ್ತದೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು. ಬರೀ ಜಾಕಿನ ಮೇಲೆ ನಿಂತ ವಾಹನದಡಿ ಎಂದೂ ನುಸುಳಬಾರದು.

ಮೊದಲು ಬಿಚ್ಚಬೇಕಾದ್ದು ಎಣ್ಣೆ ತುಂಬುವ ಮೇಲಿನ ಪ್ಲಗ್. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ, ತುಕ್ಕು ಹಿಡಿದ ಮೇಲಿನದು ಅಲುಗದಿದ್ದರೆ? ಬಂಡಿ ಅಲ್ಲೇ ಠಿಕಾಣಿ!

ಇಳಿದ ಎಣ್ಣೆಯೇ ಒಂದು ಪಾಠ. ಹಾಲು ಬೆರೆಸಿದಂತಿದ್ದರೆ ಒಳಗೆ ನೀರು ನುಗ್ಗಿದೆ. ನುಣ್ಣನೆಯ ಲೋಹದ ಪುಡಿ ಸಹಜ ಸವೆತ. ಚೂರುಗಳೇ ಸಿಕ್ಕರೆ ಗೇರಿನ ಹಲ್ಲು ಮುರಿದಿರಬಹುದು.

ಹೊಸ ಎಣ್ಣೆ ಕೈಪಿಡಿ ಹೇಳಿದ ದರ್ಜೆಯದೇ ಆಗಿರಲಿ. ಜಿಎಲ್-4 ಬೇಕಾದಲ್ಲಿ, ಅಂಕಿ ದೊಡ್ಡದೆಂದು ಜಿಎಲ್-5 ಸುರಿಯುವುದು ಜಾಣತನವಲ್ಲ. ಅದರಲ್ಲಿ ಹೆಚ್ಚಾಗಿರುವ ಗಂಧಕ, ರಂಜಕದ ಸಂಯುಕ್ತಗಳು ಗೇರ್‌ಗಳ ವೇಗ ಹೊಂದಿಸುವ ಹಿತ್ತಾಳೆ ಉಂಗುರಗಳನ್ನು ತಿನ್ನಬಲ್ಲವು.

ಕೆಳಗಿನ ಪ್ಲಗ್ ಬಿಗಿದು, ಮೇಲಿನ ರಂಧ್ರದ ಅಂಚು ಮುಟ್ಟುವವರೆಗೆ ಎಣ್ಣೆ ತುಂಬಿದರೆ ಸಾಕು. ಹಳೆಯ ಎಣ್ಣೆಯನ್ನು ಮಾತ್ರ ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.