ಗರಗಸ ಯಂತ್ರದ ಉಸಿರು

ಏಪ್ರಿಲ್-ಮೇ ತಿಂಗಳ ಬಿರುಮಳೆ ಬಂದಿತೆಂದರೆ ಬೆಂಗಳೂರಿನ ಬೀದಿಗಳಲ್ಲಿ ಮರಗಳು ಉರುಳುವುದು ವಾಡಿಕೆ. ಮಳೆ ನಿಂತೊಡನೆ ಕೇಳಿಬರುವ ಸದ್ದು ಗರಗಸ ಯಂತ್ರದ್ದು. ಕೊಡಲಿಗೆ ಬಹಳ ಹೊತ್ತು ಹಿಡಿಯುವ ಕೊಂಬೆಯನ್ನು ಅದು ಕೆಲವೇ ನಿಮಿಷಗಳಲ್ಲಿ ತುಂಡರಿಸುತ್ತದೆ. ಇಂಥ ಯಂತ್ರ ಕೆಟ್ಟಾಗ ಅದನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸದಲ್ಲಿ, ಬೆಲೆಯಲ್ಲಿ ಅಲ್ಪವಾದರೂ ಮಹತ್ವದಲ್ಲಿ ಹಿರಿದಾದ ಎರಡು ವಸ್ತುಗಳಿವೆ. ಒಂದು, ರಬ್ಬರಿನ ಆಯಿಲ್ ಸೀಲ್. ಇನ್ನೊಂದು, ಮೆಕ್ಯಾನಿಕರು ಪ್ಯಾಕಿಂಗ್ ಎಂದು ಕರೆಯುವ ಗ್ಯಾಸ್ಕೆಟ್.

ಈ ಯಂತ್ರದ್ದು ಟೂ-ಸ್ಟ್ರೋಕ್ ಎಂಜಿನ್. ಕಾರಿನಲ್ಲಿ ಕ್ರ್ಯಾಂಕ್ ಕೇಸ್‌ನ ತಳ ಎಣ್ಣೆ ನಿಲ್ಲುವ ತಾಣ. ಇಲ್ಲಿ ಅದೊಂದು ತಿದಿ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕೋಣೆಯಲ್ಲಿ ಒತ್ತಡ ತಗ್ಗಿ, ಪೆಟ್ರೋಲು, ಎಣ್ಣೆ, ಗಾಳಿಗಳ ಮಿಶ್ರಣ ಒಳಬರುತ್ತದೆ. ಕೆಳಗಿಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ನುಗ್ಗುತ್ತದೆ. ಕಮ್ಮಾರನ ತಿದಿ ಹರಿದರೆ ಕುಲುಮೆ ಆರುತ್ತದೆ. ಇಲ್ಲಿ ಹರಿದರೆ ಕುಲುಮೆ ಮಿತಿಮೀರಿ ಕಾಯುತ್ತದೆ. ಬಿರುಕಿನಿಂದ ನುಸುಳಿದ ಗಾಳಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಇಳಿಸುತ್ತದೆ. ಪೆಟ್ರೋಲಿನೊಡನೆಯೇ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ನಿಮಿಷಕ್ಕೆ 10,000ಕ್ಕೂ ಮಿಕ್ಕಿ ಸುತ್ತುವ ಎಂಜಿನ್ನಿನಲ್ಲಿ ಪಿಸ್ಟನ್ ಗೀಚಿಹೋಗಿ ಸಿಲಿಂಡರಿಗೆ ಕಚ್ಚಿಕೊಳ್ಳಲು ತಡವಾಗದು.

ಇದಕ್ಕಿಂತ ಘೋರವಾದುದು ಮನುಷ್ಯನಿಗೆ ಒದಗುವ ಅಪಾಯ. ಎಂಜಿನ್ ನಿಧಾನವಾಗಿ ಓಡುವಾಗ ಗರಗಸದ ಸರಪಳಿ ನಿಂತಿರಬೇಕು. ಗಾಳಿ ಸೋರಿದರೆ ವೇಗ ತಾನಾಗಿ ಏರುತ್ತದೆ, ಕ್ಲಚ್ ಹಿಡಿಯುತ್ತದೆ, ಕೈ ಬಿಟ್ಟರೂ ಸರಪಳಿ ತಿರುಗುತ್ತಲೇ ಇರುತ್ತದೆ. ಕೊಂಬೆಯ ಮೇಲೆ ನಿಂತವನಿಗೆ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಮೋಟಾರ್ ಸೈಕಲ್ಲುಗಳನ್ನು ಬಲ್ಲವರಿಗೆ ಈ ಸೀಲಿನ ಮಹಿಮೆ ಹೊಸತಲ್ಲ. ಅಲ್ಲಿ ಕ್ಲಚ್ಚಿನ ಕಡೆಯ ಸೀಲ್ ಸವೆದರೆ ಎಂಜಿನ್ ಗೇರಿನ ಎಣ್ಣೆಯನ್ನೇ ಹೀರಿ ದಟ್ಟವಾದ ಹೊಗೆ ಕಾರುತ್ತದೆ. ಗರಗಸದ ಕ್ಲಚ್ ಒಣ ಕ್ಲಚ್. ಅಲ್ಲಿ ಒಳನುಗ್ಗುವುದು ಬರಿಯ ಗಾಳಿ. ಎಚ್ಚರಿಸಲು ಹೊಗೆಯೂ ಇಲ್ಲ.

1970ರ ದಶಕದಲ್ಲಿ ಬೆಳೆದ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಹಾಳೆ ಕತ್ತರಿಸಿ ಪ್ಯಾಕಿಂಗ್ ಮಾಡಿಕೊಳ್ಳುವುದು ಕಷ್ಟವಲ್ಲ. ಆದರೆ ಹಳೆಯದರ ದಪ್ಪವನ್ನು ಅಳೆಯದೆ ಕತ್ತರಿಸಿದರೆ ಒಳಗಿನ ದಂಡದ ಪಕ್ಕದ ಸಡಿಲ ಹೆಚ್ಚುಕಡಿಮೆಯಾಗುತ್ತದೆ. ಕೇಸಿನ ಎರಡು ಹೋಳುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿ ಬಿಡಿಸುವುದೂ ತರವಲ್ಲ. ಬಹುತೇಕ ಕೇಸುಗಳು ಮೆಗ್ನೀಸಿಯಮ್ಮಿನ ಮಿಶ್ರಲೋಹದವು, ಮೆದುವಾದವು. ಒಂದು ಗೀರು ಸಾಕು, ಅದೇ ಸೋರುವ ದಾರಿ. ಅಂಟಿದ ಹಳೆಯ ಕಾಗದವನ್ನು ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಿಂದ ಕೆರೆಯಬೇಕು.

ಸೀಲಿನ ತುಟಿಯ ಸುತ್ತ ಒಂದು ಸಣ್ಣ ಸ್ಪ್ರಿಂಗ್ ಇರುತ್ತದೆ. ಅದಿರುವ ಮಗ್ಗುಲು ಒಳಮುಖವಾಗಿರಬೇಕು. ದಂಡದಲ್ಲಿ ಕೀಲಿಗಾಗಿ ಕೊರೆದ ಗಾಡಿಯ ಅಂಚು ಹೊಸ ತುಟಿಯನ್ನು ಸೀಳದಂತೆ ತೆಳು ಟೇಪು ಸುತ್ತಿ, ತುಟಿಗೆ ಗ್ರೀಸು ಸವರಿ, ಸೀಲಿನ ಅಗಲದ್ದೇ ಕೊಳವೆಯಿಂದ ನೇರವಾಗಿ ಒತ್ತಬೇಕು. ಈಗ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಹೆಚ್ಚಿದೆ. ಹಳೆಯ ರಬ್ಬರು ಅದರಲ್ಲಿ ಊದಿ ಮೆದುವಾಗಬಹುದಾದ್ದರಿಂದ, ಎಂಜಿನ್ ಬಿಚ್ಚಿದಾಗಲೆಲ್ಲ ಸೀಲ್ ಬದಲಿಸುವುದು ಮೇಲು.

ಕಟ್ಟಿಯಾದ ಮೇಲೆ ಪರೀಕ್ಷೆ. ಕಾರ್ಬುರೇಟರಿನ ಮತ್ತು ಹೊಗೆಯ ದ್ವಾರಗಳನ್ನು ಮುಚ್ಚಿ, ಸುಮಾರು ಅರ್ಧ ಬಾರ್ ಒತ್ತಡದ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ನೋಡಬೇಕು. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಅದು ಸಾಲದು. ಒಳಗಿನ ಒತ್ತಡ ತುಟಿಯನ್ನು ದಂಡಕ್ಕೆ ಇನ್ನಷ್ಟು ಅದುಮುತ್ತದೆ. ಸವೆದ ಸೀಲೂ ಆಗ ಒಳ್ಳೆಯದೆನಿಸುತ್ತದೆ. ಗಾಳಿಯನ್ನು ಹೊರಗೆಳೆದು ನೋಡಿದಾಗ ತುಟಿ ಸಡಿಲವಾಗಿ ನಿಜ ಹೊರಬೀಳುತ್ತದೆ. ಒತ್ತುವಾಗ, ಹೀರುವಾಗ, ಎರಡೂ ಸಲ ಮುಳ್ಳು ಅಲುಗದೆ ನಿಲ್ಲಬೇಕು. ಆ ಮೇಲೆ ಯಂತ್ರವನ್ನು ಮರ ಕಡಿಯುವವನ ಕೈಗೆ ಕೊಡಬಹುದು. ಅವನು ಆ ಸೀಲನ್ನು ಎಂದೂ ಕಾಣಲಾರ. ಮೆಕ್ಯಾನಿಕನ ಕೆಲಸವನ್ನು ನಂಬಿಯೇ ಮರವೇರುತ್ತಾನೆ.